ಕಣ್ತುಂಬ ಎಂದರೆ ಎಷ್ಟು?

ಇವತ್ತು ಬೆಳಿಗ್ಗೆ ನಮ್ಮ ಮನೆಯವರು ತಟ್ಟೆ ಮುಂದಿಟ್ಟುಕೊಂಡು, "ಉಪ್ಪಿಟ್ಟಿಗೆ ಉಪ್ಪು ಸಾಲ್ದು" ಎಂದರು. ಒಲೆಯ ಕಡೆ ಮುಖ ಮಾಡಿದ್ದ ನಾನು ತಿರುಗಿಯೂ ನೋಡದೆ, "ಉಲ್ಲೇಖ ಎಲ್ಲಿ?" ಎಂದೆ. ಅವರು ಎದ್ದು ಬಂದು ಒಂದು ಚಮಚ ಉಪ್ಪಿಟ್ಟನ್ನು ನನ್ನ ಬಾಯಿಗೇ ಹಿಡಿದರು. ಉಲ್ಲೇಖ ಸರಿಯಾಗಿಯೇ ಇತ್ತು. ಉಪ್ಪಿನ ಡಬ್ಬಿ ಕೈಗೆ ಕೊಟ್ಟೆ.

ಈ ಚಾಳಿ ನನಗೆ ಅಂಟಿಕೊಂಡು ಬಹಳ ದಿನವೇನೂ ಆಗಿಲ್ಲ, ಆದರೆ ಬಿಡುವ ಲಕ್ಷಣ ಕಾಣುತ್ತಿಲ್ಲ. ಎದುರು ಮನೆಯವರು "ನಾಳೆ ನಲ್ಲೀಲಿ ನೀರು ಬರಲ್ಲಂತೆ" ಎಂದರೂ ಉಲ್ಲೇಖ ಕೇಳುತ್ತೇನೆ. ನಾದಿನಿ ಫೋನಿನಲ್ಲಿ "ಹಬ್ಬಕ್ಕೆ ಬರ್ತೀನಿ ಅಂತ ನೀವೇ ಅಂದಿದ್ರಿ" ಎಂದರೂ ಕೇಳುತ್ತೇನೆ. ನೀರಿನ ವಿಷಯದಲ್ಲಿ ಹೀಗೆ ಕೇಳಿಕೊಂಡು ಕೂತು, ಒಂದು ಕೊಡವನ್ನೂ ತುಂಬಿಸಿಕೊಳ್ಳದೆ, ಮರುದಿನ ಅದೇ ಎದುರು ಮನೆಗೆ ಬಕೆಟ್ ಹಿಡಿದು ಹೋದದ್ದೂ ಉಂಟು. ನಾದಿನಿಯ ವಿಷಯ ನೀವು ಕೇಳದಿದ್ದರೆ ಒಳ್ಳೆಯದು.

ಈ ರೋಗ ನನಗೆ ಹತ್ತಿದ್ದು ನನ್ನ ವಿದ್ಯಾರ್ಥಿಗಳಿಂದ. ಅವರಿಗೆ ಹತ್ತಿಸಿದ್ದು 'ಬೆಳ್ಳಿಚುಕ್ಕಿ' ಎಂಬ ಹೆಸರಿನ ಒಂದು ಅದೃಶ್ಯ ವ್ಯಕ್ತಿ. ಆ ಕಥೆ ಹೇಳುವ ಮುಂಚೆ ಒಂದು ಬೀರುವಿನ ವಿಷಯ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಹೊಳಲ್ಕೆರೆಯಲ್ಲಿ. ನಮ್ಮ ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು, ಅದರೊಳಗೆ ದಪ್ಪ ದಪ್ಪ ಸಂಪುಟಗಳ ವಿಶ್ವಕೋಶ. ಬೀರುವಿನ ಕೀಲಿಕೈ ಹಿಂದಿನ ಹೆಡ್‌ಮಾಸ್ತರರ ಜೊತೆಗೇ ಬೇರೆ ಊರಿಗೆ ವರ್ಗವಾಗಿ ಹೋಗಿದೆ ಎಂಬುದು ಶಾಲೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿ. ಹಾಗಾಗಿ ಆ ವಿಶ್ವಕೋಶದಲ್ಲಿ ನಾವು ಓದಿದ್ದು ಪುಸ್ತಕಗಳ ಬೆನ್ನಿನ ಮೇಲಿದ್ದ ಅಕ್ಷರಗಳನ್ನು ಮಾತ್ರ. ಅಷ್ಟನ್ನೂ ಬರೆದವನು ಒಬ್ಬನೇ ಮುದುಕ, ಅವನ ಗಡ್ಡ ಮೊಣಕಾಲಿನವರೆಗೆ ಇದೆ, ಅವನಿಗೆ ಗೊತ್ತಿಲ್ಲದ ಸಂಗತಿ ಭೂಮಿಯ ಮೇಲೆ ಇಲ್ಲ ಎಂದು ನಾನು ನಂಬಿದ್ದೆ. ಅವನು ಇರುವುದು ಚಿತ್ರದುರ್ಗದ ಕೋಟೆಯ ಮೇಲೆಯೇ ಎಂದು ಗೆಳತಿಯರಿಗೆ ಹೇಳಿ ನಂಬಿಸಿಯೂ ಇದ್ದೆ. ಉಲ್ಲೇಖ ಕೇಳುವವರು ಆಗ ಯಾರೂ ಇರಲಿಲ್ಲ, ನೋಡಿ. ಒಮ್ಮೆ ಕೋಣೆ ಗುಡಿಸಲು ಹೋದಾಗ ಗಾಜಿಗೆ ಮೂಗು ಒತ್ತಿ ನಿಂತು, ಒಳಗೆ ಎಲ್ಲಾದರೂ ನಮ್ಮೂರಿನ ಹೆಸರು ಇದ್ದೀತೇ ಎಂದು ತುಂಬಾ ಹೊತ್ತು ಯೋಚಿಸಿದ್ದು ನೆನಪಿದೆ. ಗಾಜಿನ ಮೇಲೆ ನನ್ನ ಮೂಗಿನ ಗುರುತು ಉಳಿದು, ಬೈಸಿಕೊಂಡೆ.

ಈಗ ನಾನು ಹೊಸದುರ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ವರ್ಷ ಚಿತ್ರದುರ್ಗದಿಂದ ಒಬ್ಬ ಯುವಕ ಬಂದು, ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೇಳಿದ: ಇಂಟರ್‌ನೆಟ್ಟಿನಲ್ಲಿ ಒಂದು ವಿಶ್ವಕೋಶವಿದೆ. ಅದನ್ನು ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಮೇಲೆ ಹೆಸರೂ ಇರುವುದಿಲ್ಲ. ಕೊನೆಯ ಬೆಂಚಿನಲ್ಲಿ ಕೂತಿದ್ದ ನನ್ನ ಪಾಲಿಗೆ ಗಡ್ಡದ ಮುದುಕ ಅಂದೇ ತೀರಿಕೊಂಡ. ದುಃಖವೇನೂ ಆಗಲಿಲ್ಲ. ಅದೇ ಮಧ್ಯಾಹ್ನ ಹೊಳಲ್ಕೆರೆಯ ಪುಟ ತೆರೆದು ಒಂದು ಪದದ ಕಾಗುಣಿತ ತಿದ್ದಿ, ಬೆವರಿದ ಬೆರಳಿನಿಂದ 'ಉಳಿಸಿ' ಎಂಬ ಗುಂಡಿ ಒತ್ತಿದೆ. ತಿದ್ದಿದ್ದು ತಕ್ಷಣ ಕಾಣಿಸಿತು. ತಂಗಿಗೆ ಫೋನ್ ಮಾಡಿ "ಊರನ್ನ ಸರಿ ಮಾಡಿದೀನಿ ಕಣೇ" ಎಂದೆ. ಅವಳು ನನ್ನ ಬಿ.ಪಿ. ಮಾತ್ರೆಯ ಬಗ್ಗೆ ವಿಚಾರಿಸಿದಳು.

ಪ್ರತಿ ವಿದ್ಯಾರ್ಥಿಯೂ ಒಂದು ಹೊಸ ಲೇಖನ ಬರೆಯಬೇಕೆಂದು ಗೊತ್ತು ಮಾಡಿದೆವು. ವಿಷಯ ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ಕೋಟೆ ಮೇಡಂ" ಎಂದಿತು. ನಮ್ಮ ಜಿಲ್ಲೆಯ ಮಕ್ಕಳಿಗೆ ಕೋಟೆ ಬಿಟ್ಟು ಬೇರೆ ವಿಷಯ ಜಗತ್ತಿನಲ್ಲಿ ಇಲ್ಲ. ಪ್ರಬಂಧ ಸ್ಪರ್ಧೆಗೂ ಕೋಟೆ, ಚಿತ್ರ ಸ್ಪರ್ಧೆಗೂ ಕೋಟೆ, ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಯೂ ಕೋಟೆ. ಕೋಟೆಯ ಪುಟ ಆಗಲೇ ತುಂಬಿ ತುಳುಕುತ್ತಿದೆ, ಅಲ್ಲಿ ಇಲ್ಲದ್ದನ್ನು ಹುಡುಕಿ ಬರೆಯಿರಿ ಎಂದು ಗದರಿಸಿದೆ. ಒಂದಿಷ್ಟು ಜನ ಮುಖ ಸಪ್ಪೆ ಮಾಡಿಕೊಂಡು ಮಾರಿಕಣಿವೆಯ ಅಣೆಕಟ್ಟಿಗೆ ಇಳಿದರು. ಅದೂ ಅಲ್ಲಿ ಆಗಲೇ ಇತ್ತು.

ಆಗ ಎದ್ದು ನಿಂತವಳು ಭಾಗ್ಯ. ಮಾಡದಕೆರೆಯ ಕುರಿ ಸಾಕುವ ಮನೆಯ ಹುಡುಗಿ. ನೆಟ್ಟಗೆ ನಿಲ್ಲುತ್ತಾಳೆ, ನೆಟ್ಟಗೆ ಮಾತಾಡುತ್ತಾಳೆ.

"ಮೇಡಂ, ಹೊಲ್ದಾಗೆ ಕುರಿ ನಿಲ್ಸದು ಇದ್ರಾಗೆ ಇಲ್ಲ. ಹುಡುಕಿ ನೋಡ್ದೆ. ಯಾವುದೋ ದೇಶದ ನಾಯಿ ಐತೆ, ಅದರ ಬಾಲ ಎಷ್ಟುದ್ದ ಅಂತಾನೂ ಐತೆ. ನಮ್ಮನ್ಯಾಗೆ ತಾತ ಮುತ್ತಾತರಿಂದ ಮಾಡ್ಕಂಡ್ ಬಂದಿರೋ ಕೆಲ್ಸ ಇಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ, ಸಿಟ್ಟಿತ್ತು. ನನಗೆ ಸಿಟ್ಟಿನ ಮಕ್ಕಳನ್ನು ಕಂಡರೆ ಮೊದಲಿನಿಂದಲೂ ಇಷ್ಟ. "ನೀನೇ ಬರಿ" ಎಂದೆ.

ಹೊಲದಲ್ಲಿ ಕುರಿ ನಿಲ್ಲಿಸುವುದು ಎಂದರೇನೆಂದು ಪೇಟೆಯ ಓದುಗರಿಗೆ ಒಂದು ಮಾತು. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿಮಂದೆಯನ್ನು ಬಲೆ ಕಟ್ಟಿ ಕೂಡಿಹಾಕುತ್ತಾರೆ. ಆ ಕೂಡಿಹಾಕುವ ಜಾಗಕ್ಕೆ ರೊಪ್ಪ ಎನ್ನುತ್ತಾರೆ. ಮರುದಿನ ರೊಪ್ಪವನ್ನು ಹೊಲದ ಇನ್ನೊಂದು ಮೂಲೆಗೆ ಸರಿಸುತ್ತಾರೆ, ಹೀಗೆ ಇಡೀ ಹೊಲಕ್ಕೆ ಗೊಬ್ಬರವಾಗುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲಕ್ಕೂ ಕುರಿ ಬರುತ್ತಿದ್ದವು. ಅವು ಬಂದ ವಾರವೆಲ್ಲ ನಮ್ಮಮ್ಮ ಕುರಿಯವರಿಗೆ ಮುದ್ದೆ ಕಳಿಸುತ್ತಿದ್ದಳು, ಒಯ್ಯುವ ಕೆಲಸ ನನ್ನದು. ಒಂದು ಸಲ ಅವರು ಕೊಟ್ಟ ಕಂಬಳಿಯ ಮೇಲೆ ಕೂತು, ಆ ವಾಸನೆಗೆ ಅಲ್ಲೇ ನಿದ್ದೆ ಹೋಗಿ, ಮನೆಯವರೆಲ್ಲ ನನ್ನನ್ನು ಹುಡುಕಿದ್ದರು. ಆ ಒರಟು ಕಂಬಳಿಯ ಮೇಲೆ ಬಂದಂಥ ನಿದ್ದೆ ಈಗಿನ ಸ್ಪ್ರಿಂಗ್ ಹಾಸಿಗೆಯ ಮೇಲೆ ಯಾಕೆ ಬರುವುದಿಲ್ಲವೋ ಗೊತ್ತಿಲ್ಲ.

ಭಾಗ್ಯ ಬರೆದು ತಂದದ್ದನ್ನು ಓದಿ ನಾನು ಮೂರು ಕಡೆ ನಿಂತೆ. ಮೊದಲನೆಯದು, ಲೇಖನದ ತುಂಬಾ 'ನಮ್ಮಪ್ಪ' ಇದ್ದರು. ನಮ್ಮಪ್ಪ ಬಲೆ ಕಟ್ಟುತ್ತಾರೆ, ನಮ್ಮಪ್ಪ ಗಾಳಿ ನೋಡುತ್ತಾರೆ. ವಿಶ್ವಕೋಶದಲ್ಲಿ ನಮ್ಮಪ್ಪ ನಿಮ್ಮಪ್ಪ ಇರುವುದಿಲ್ಲ, ಕುರಿಗಾಹಿಗಳು ಎಂದು ಬರೆಯಬೇಕು ಎಂದೆ. ಎರಡನೆಯದು ಕೊನೆಯ ಸಾಲು: "ನಮ್ಮ ಕಡೆ ಬಂದರೆ ರೊಪ್ಪಕ್ಕೆ ಬನ್ನಿ, ಊಟ ಮಾಡಿಕೊಂಡು ಹೋಗಿ." ಜಗತ್ತಿನ ಯಾವ ವಿಶ್ವಕೋಶವೂ ಓದುಗರನ್ನು ಊಟಕ್ಕೆ ಕರೆದ ಉದಾಹರಣೆ ನನಗೆ ಗೊತ್ತಿರಲಿಲ್ಲ. ನಗು ತಡೆದುಕೊಂಡು ಹೊಡೆದು ಹಾಕಿದೆ.

"ಬಂದೋರ್ನ ಕರೀದಂಗೆ ಕಳಿಸಾದು ಹೆಂಗೆ ಮೇಡಂ?" ಎಂದಳು.

"ಅವರು ಬಂದಿಲ್ಲ ಭಾಗ್ಯ, ಓದ್ತಿದಾರೆ ಅಷ್ಟೆ" ಎಂದೆ. ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ.

ಮೂರನೆಯದು ಈ ಸಾಲು: "ಒಂದು ಮಂದೆಯಲ್ಲಿ ಕಣ್ತುಂಬ ಕುರಿಗಳಿರುತ್ತವೆ." ಇದನ್ನು ತೆಗೆಯಬೇಕೆಂದು ಬುದ್ಧಿ ಹೇಳಿತು. ಆದರೆ ನಾನು ಕನ್ನಡ ಮೇಷ್ಟ್ರು, ಚೆಂದದ ಮಾತು ಕಂಡರೆ ಹೊಡೆದು ಹಾಕಲು ಕೈ ಬರುವುದಿಲ್ಲ. ಇರಲಿ ಎಂದು ಬಿಟ್ಟೆ. ಲೇಖನ ವಿಶ್ವಕೋಶಕ್ಕೆ ಏರಿತು. ಲ್ಯಾಬಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿ, ಕೀಬೋರ್ಡುಗಳಿಗೆಲ್ಲ ಎಣ್ಣೆ ಹಚ್ಚಿ ಸಂಭ್ರಮಪಟ್ಟೆವು.

ಮರುದಿನ ಬೆಳಿಗ್ಗೆ ಲೇಖನದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬಿದ್ದಿತ್ತು. ಈ ಲೇಖನಕ್ಕೆ ಒಂದೂ ಉಲ್ಲೇಖವಿಲ್ಲ, ಅಂದರೆ ಅಚ್ಚಾದ ಪುಸ್ತಕದ ಆಧಾರವಿಲ್ಲ, ಒಂದು ವಾರದೊಳಗೆ ಕೊಡದಿದ್ದರೆ ಅಳಿಸಲಾಗುವುದು ಎಂದು ಬೆಳ್ಳಿಚುಕ್ಕಿ ಎಂಬ ಹೆಸರಿನವರು ಬರೆದಿದ್ದರು. ಜೊತೆಗೆ ಒಂದು ಪ್ರಶ್ನೆ: "ಕಣ್ತುಂಬ ಎಂದರೆ ಎಷ್ಟು?"

ನನಗೆ ಪಿತ್ತ ನೆತ್ತಿಗೇರಿತು. ಪ್ರತಿ ಲೇಖನದ ಹಿಂದೆ ಚರ್ಚೆಗೆಂದೇ ಒಂದು ಪುಟವಿರುತ್ತದೆ. ಅಲ್ಲಿ ಕೂತು, ಎಂ.ಎ. ಓದುವಾಗ ಕಲಿತ ಅಷ್ಟೂ ಸಂಸ್ಕೃತ ಪದಗಳನ್ನು ಖರ್ಚು ಮಾಡಿ, ಮೌಖಿಕ ಪರಂಪರೆಯ ಮಹತ್ವದ ಬಗ್ಗೆ ಒಂದು ಭಾಷಣ ಬರೆದೆ. ಓದಿ ನೋಡಿಕೊಂಡಾಗ ನನಗೇ ರೋಮಾಂಚನವಾಯಿತು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಧನ್ಯವಾದ. ಉಲ್ಲೇಖ?"

ಇಷ್ಟೇ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ದಪ್ಪ ಮೀಸೆಯ, ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಕೂತ ಒಬ್ಬ ಪ್ರೊಫೆಸರನನ್ನು ಕಲ್ಪಿಸಿಕೊಂಡು, ಅಡುಗೆ ಮಾಡುವಾಗೆಲ್ಲ ಅವನ ಜೊತೆ ಜಗಳವಾಡತೊಡಗಿದೆ. ನಮ್ಮ ಮನೆಯವರು ಎರಡು ದಿನ ಅಡುಗೆಮನೆಯ ಕಡೆ ಸುಳಿಯಲಿಲ್ಲ.

ನಾನು ಮಾತಿನಲ್ಲಿ ಕೆಡಿಸಿದ್ದನ್ನು ತಿಪ್ಪೇಸ್ವಾಮಿ ಜನ ಸೇರಿಸಿ ಇನ್ನಷ್ಟು ಕೆಡಿಸಿದ. ಅವನು ಬಾಗೂರಿನ ಹುಡುಗ, ತರಗತಿಯ ಲೀಡರು. ನಮ್ಮ ಕಡೆ ಒಂದು ನ್ಯಾಯ ಅಂತ ಆದರೆ ಕಟ್ಟೆಯ ಮುಂದೆ ಒಬ್ಬರೇ ಹೋಗುವುದಿಲ್ಲ. ನಮ್ಮ ಪರವಾಗಿ ಮಾತಾಡುವವರನ್ನು ಕರೆದುಕೊಂಡು ಹೋಗುತ್ತೇವೆ. ಅವರಿಗೆ ವಿಷಯ ಗೊತ್ತಿರಬೇಕೆಂದೇನಿಲ್ಲ, ನಾವು ಗೊತ್ತಿದ್ದರೆ ಸಾಕು. ತಿಪ್ಪೇಸ್ವಾಮಿಯೂ ಹಾಗೆಯೇ ಮಾಡಿದ. ಲ್ಯಾಬಿನಲ್ಲೇ ಕೂತು ಹಾಸ್ಟೆಲಿನ ಹುಡುಗರಿಗೆಲ್ಲ ಖಾತೆ ತೆರೆಸಿದ, ಬಸ್‌ಸ್ಟ್ಯಾಂಡಿನ ಬೇಕರಿಯವರನ್ನು ಕರೆತಂದು ಅವರಿಗೂ ತೆರೆಸಿದ. ಹೊಳಲ್ಕೆರೆಯಲ್ಲಿದ್ದ ಸೋದರಮಾವನನ್ನೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಚರ್ಚೆಯ ಪುಟ ಸಾಕ್ಷಿಗಳಿಂದ ಗಿಜಿಗುಡುತ್ತಿತ್ತು.

"ಈ ಹುಡುಗಿಯ ತಂದೆಯನ್ನು ಬಲ್ಲೆ. ಒಳ್ಳೆಯ ಜನ. ಲೇಖನ ಇರಲಿ" ಎಂದು ಒಬ್ಬರು. "ನಮ್ಮ ಹೊಲದಲ್ಲೂ ಇವರ ಕುರಿ ನಿಂತಿದ್ದವು, ರಾಗಿ ಚೆನ್ನಾಗಿ ಬಂತು, ಕಣ್ಣಾರೆ ಕಂಡಿದ್ದೇನೆ" ಎಂದು ಇನ್ನೊಬ್ಬರು. ಬೇಕರಿಯವರು "ಸೂಪರ್" ಎಂದಷ್ಟೇ ಬರೆದಿದ್ದರು. ಸೋದರಮಾವ, "ಹೆಣ್ಣುಮಗಳ ಬರವಣಿಗೆ ಅಳಿಸುವುದು ಮರ್ಯಾದಸ್ಥರ ಲಕ್ಷಣವಲ್ಲ" ಎಂದು ಖಡಕ್ಕಾಗಿ ಬರೆದಿದ್ದರು. ಎಲ್ಲದರ ಕೆಳಗೆ ಬೆಳ್ಳಿಚುಕ್ಕಿಯ ಒಂದೇ ಸಾಲು: "ಕಣ್ಣಾರೆ ಕಂಡದ್ದು ಉಲ್ಲೇಖವಲ್ಲ."

ಮರುದಿನ ಲ್ಯಾಬಿನ ಯಾವ ಕಂಪ್ಯೂಟರಿನಿಂದಲೂ ಒಂದಕ್ಷರ ಬರೆಯಲಾಗಲಿಲ್ಲ. ಒಂದೇ ಜಾಗದಿಂದ ಗುಂಪು ಕಟ್ಟಿಕೊಂಡು ಬಂದು ಚರ್ಚೆ ಕೆಡಿಸಿದ್ದಕ್ಕೆ ಕಾಲೇಜಿನ ಸಂಪರ್ಕವನ್ನೇ ತಡೆಹಿಡಿದಿದ್ದರು. ಲೇಖನಕ್ಕೆ ಉಳಿದದ್ದು ಇನ್ನು ಕೆಲವೇ ದಿನ.

"ಲೇ ತಿಪ್ಪೇಶಿ, ಜನ ಕರ್ಕಂಬಾ ಅಂತ ನಿಂಗ್ಯಾರು ಹೇಳಿದ್ರು?" ಎಂದು ಭಾಗ್ಯ ಅವನ ಮುಂದೆ ನಿಂತಳು.

"ನ್ಯಾಯ ಅಂದ್ಮ್ಯಾಲೆ ಜನ ಬ್ಯಾಡ್ವಾ? ನಮ್ಮೂರಾಗೆ ಹಂಗೇ ಅಲ್ವಾ?"

"ಅಲ್ಲಿ ಜನ ಕೇಳ್ತಾ ಇಲ್ಲಪ್ಪ. ಪುಸ್ತಕ ಕೇಳ್ತಾ ಅವ್ರೆ."

ತಿಪ್ಪೇಸ್ವಾಮಿ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ನನ್ನ ಭಾಷಣವೂ ಅದೇ ಜಾತಿಯದು ಎಂಬುದು ಅಷ್ಟು ಹೊತ್ತಿಗೆ ನನಗೆ ಅರ್ಥವಾಗತೊಡಗಿತ್ತು. ಅವನು ಜನ ತಂದಿದ್ದ, ನಾನು ಪದ ತಂದಿದ್ದೆ.

ಕಣ್ತುಂಬ ಎಂದರೆ ಎಷ್ಟೆಂಬ ಪ್ರಶ್ನೆಗಾದರೂ ಉತ್ತರ ಕೊಡೋಣವೆಂದು ಭಾಗ್ಯ ಊರಿಗೆ ಹೋಗಿ ಅಪ್ಪ ಕರಿಯಪ್ಪನವರನ್ನು ಕೇಳಿದಳು. ಮಂದೆಯಲ್ಲಿ ಕುರಿ ಎಷ್ಟಿವೆ ಅಂತ. ಅವರು ಮಗಳ ಮುಖ ನೋಡಿದರಂತೆ. "ಕುರಿ ಮನ್ಯಾಗೆ ಹುಟ್ಟಿ ಇದನ್ನ ಕೇಳ್ತೀಯಾ? ಎಣಿಸಿ ಬಾಯಿಬಿಟ್ಟು ಹೇಳಿದ್ರೆ ಮಂದೆ ಕರಗ್ತೈತೆ. ಯಾರು ಕೇಳಿದ್ರೂ ಕಣ್ತುಂಬ ಅವೆ ಅನ್ಬೇಕು" ಎಂದರಂತೆ. ಕುರಿಯವರಲ್ಲಿ ಇದು ಹಳೆಯ ಪದ್ಧತಿ. ಅವರಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಸಂಜೆ ಒಂದು ಮರಿ ಕಡಿಮೆಯಿದ್ದರೂ ತಟ್ಟನೆ ಗೊತ್ತಾಗುತ್ತದೆ. ಬಾಯಿಂದ ಆಡುವುದಿಲ್ಲ ಅಷ್ಟೆ.

ಅವಳು ಬರಿಗೈಯಲ್ಲಿ ಬಂದಳು. "ಸುಮಾರು ನೂರಿನ್ನೂರು ಅಂತ ಹಾಕಿಬಿಡಮ್ಮ, ಯಾರು ಬಂದು ನೋಡ್ತಾರೆ?" ಎಂದೆ. ನಾನೇ ಹೀಗೆಂದೆ ಎಂಬುದನ್ನು ದಯವಿಟ್ಟು ನಮ್ಮ ಪ್ರಿನ್ಸಿಪಾಲರಿಗೆ ಹೇಳಬೇಡಿ.

ಭಾಗ್ಯ ತಲೆಯಾಡಿಸಿದಳು. "ಸುಳ್ಳು ಹಾಕಲ್ಲ ಮೇಡಂ. ಅಪ್ಪ ಎಷ್ಟು ಅಂತ ಹೇಳ್ಲಿಲ್ಲ. ಯಾಕೆ ಹೇಳಲ್ಲ ಅಂತ ಹೇಳಿದ್ರಲ್ಲ, ಅದನ್ನೇ ಹಾಕಿದ್ರೆ?"

ನಾನು ಕೂತಲ್ಲಿಂದ ಎದ್ದೆ. ಇಷ್ಟು ದಿನ ಯಾವುದನ್ನು ನಮ್ಮ ಲೇಖನದ ತೂತು ಎಂದುಕೊಂಡಿದ್ದೆವೋ ಅದೇ ಅದರ ತಿರುಳಾಗಿತ್ತು. ಕುರಿಗಾಹಿಗಳು ಮಂದೆಯ ಲೆಕ್ಕ ಹೇಳುವುದಿಲ್ಲ ಎಂಬುದೇ ಒಂದು ತಿಳಿವಳಿಕೆಯಲ್ಲವೇ? ಸರಿ, ಆದರೆ ಅದಕ್ಕೂ ಉಲ್ಲೇಖ ಬೇಕು. ಈ ಸಲ ಆ ಮಾತನ್ನು ಹೇಳಿದವಳು ಭಾಗ್ಯ. ರೋಗ ಅವಳಿಗೆ ಆಗಲೇ ತಗುಲಿತ್ತು.

"ನಾಳೆ ದುರ್ಗಕ್ಕೆ ಹೋಗಾಣ ಮೇಡಂ, ಲೈಬ್ರರಿಗೆ" ಎಂದ ತಿಪ್ಪೇಸ್ವಾಮಿ. ಪಾಪ, ಪ್ರಾಯಶ್ಚಿತ್ತಕ್ಕೆ ಕಾಯುತ್ತಿದ್ದ.

ಹೋದೆವು. ಚಿತ್ರದುರ್ಗದ ಮೊದಲ ಬಸ್ಸು, ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳು, ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ ಮಕ್ಕಳು. ಗ್ರಂಥಾಲಯದಲ್ಲಿ ಕಪಾಟುಗಳಿಗೆ ಗಾಜಿರಲಿಲ್ಲ. ಕೀಲಿಯೂ ಇರಲಿಲ್ಲ. ಮೊದಲ ಪುಸ್ತಕ ಕೈಗೆತ್ತಿಕೊಂಡಾಗ, ಮೂಗಿನ ಗುರುತು ಬಿಟ್ಟು ಬೈಸಿಕೊಂಡ ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಾಳೆ ಅನ್ನಿಸಿತು. ಕಣ್ಣು ಒದ್ದೆಯಾಯಿತು. ಧೂಳು ಅಂದೆ. ಮಕ್ಕಳು ನಂಬಿದರು.

ಮಧ್ಯಾಹ್ನದವರೆಗೆ ಕೃಷಿಯ ಕಪಾಟು ಜಾಲಾಡಿದೆವು. ಹೊಲಕ್ಕೆ ಕುರಿ ಗೊಬ್ಬರ ಹಾಕಿಸುವ ಬಗ್ಗೆ ರೈತರಿಗಾಗಿ ಅಚ್ಚು ಮಾಡಿದ ಒಂದು ಕಿರುಪುಸ್ತಕ ಸಿಕ್ಕಿತು. ಅದರಲ್ಲಿ ಬಲೆ ಇತ್ತು, ರೊಪ್ಪ ಸರಿಸುವುದೂ ಇತ್ತು. ಲೇಖನದ ಮುಕ್ಕಾಲು ಪಾಲಿಗೆ ಆಧಾರ ಸಿಕ್ಕಂತಾಯಿತು. ಆದರೆ ಲೆಕ್ಕ ಹೇಳದ ವಿಷಯ ಅಲ್ಲಿ ಇರಲಿಲ್ಲ. ಊಟಕ್ಕೂ ಏಳದೆ ಜಾನಪದದ ಕಪಾಟಿನ ಕೆಳಗೆ ನೆಲದ ಮೇಲೆ ಕೂತಿದ್ದ ತಿಪ್ಪೇಸ್ವಾಮಿ, ಗ್ರಂಥಾಲಯವೆಂಬುದನ್ನು ಮರೆತು ಕೂಗಿದ.

"ಭಾಗ್ಯ, ಬಾ ಇಲ್ಲಿ. ನಿಮ್ಮಪ್ಪ ಅವ್ರೆ ಇದ್ರಾಗೆ."

ಅಪ್ಪನೇನೂ ಇರಲಿಲ್ಲ. ಕುರಿಗಾಹಿಗಳ ನಂಬಿಕೆಗಳ ಬಗ್ಗೆ ಯಾರೋ ಊರೂರು ತಿರುಗಿ ಬರೆದ ಪುಸ್ತಕ. ಮಂದೆಯ ಸಂಖ್ಯೆ ಹೇಳಬಾರದೆಂಬ ನಿಷೇಧದ ಬಗ್ಗೆ ಅದರಲ್ಲಿ ಒಂದಿಡೀ ಪ್ಯಾರಾ ಇತ್ತು. ಕೇಳಿದವರಿಗೆ 'ಕಣ್ತುಂಬ ಇವೆ' ಎಂದಷ್ಟೇ ಉತ್ತರಿಸುತ್ತಾರೆ ಎಂಬುದೂ ಇತ್ತು. ಭಾಗ್ಯ ಆ ಪ್ಯಾರಾವನ್ನು ಬೆರಳಿಟ್ಟು ಓದಿದಳು, ಮತ್ತೆ ಓದಿದಳು. ಆಮೇಲೆ ತಿಪ್ಪೇಸ್ವಾಮಿಯ ಬೆನ್ನಿಗೆ ಒಂದು ಗುದ್ದಿದಳು. ಅವರಿಬ್ಬರ ರಾಜಿ ಹಾಗೆ ಮುಗಿಯಿತು.

ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲೇ ಅವಳು ಚರ್ಚೆಯ ಪುಟಕ್ಕೆ ಬರೆದಳು. ನಾನು ಹೇಳಿಕೊಡಲು ಹೋದೆ, ಬೇಡವೆಂದಳು. ಅವಳು ಬರೆದದ್ದು ಇಷ್ಟು: "ನಮ್ಮ ಕಡೆಯವರು ಸಾಕ್ಷಿ ಹೇಳಲು ಬಂದಿದ್ದರು. ನಮ್ಮೂರಿನಲ್ಲಿ ಅದು ಕ್ರಮ, ಇಲ್ಲಿ ಅಲ್ಲ ಎಂದು ಈಗ ತಿಳಿಯಿತು. ಕ್ಷಮಿಸಿ. ಉಲ್ಲೇಖಗಳನ್ನು ಪುಟದ ಸಂಖ್ಯೆಯ ಸಮೇತ ಲೇಖನಕ್ಕೆ ಸೇರಿಸಿದ್ದೇನೆ. ಕಣ್ತುಂಬ ಎಂದರೆ ಎಷ್ಟು ಎಂದು ಕೇಳಿದ್ದಿರಿ. ಅದನ್ನು ಹೇಳುವ ಪದ್ಧತಿಯಿಲ್ಲ. ಯಾಕಿಲ್ಲ ಎಂಬುದನ್ನು ಬರೆದಿದ್ದೇನೆ."

ನನ್ನ ಭಾಷಣದ ಪಕ್ಕದಲ್ಲಿ ಅದನ್ನು ಓದಿದಾಗ, ಇವಳಿಗೆ ನಾನು ಕನ್ನಡ ಕಲಿಸುತ್ತಿದ್ದೇನೆಯೇ ಎಂಬ ಅನುಮಾನ ಬಂತು. ಹೊಟ್ಟೆಕಿಚ್ಚಾಗಲಿಲ್ಲ. ಹೆಮ್ಮೆಯಾಯಿತು.

ಬಸ್ಸು ಹೊಳಲ್ಕೆರೆ ದಾಟುವವರೆಗೆ ಉತ್ತರವಿಲ್ಲ. ಭಾಗ್ಯ ಫೋನನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನೋಡುವ ಧೈರ್ಯವಿರಲಿಲ್ಲ. ಹೊಸದುರ್ಗ ಇನ್ನೂ ಒಂದಷ್ಟು ದೂರವಿರುವಾಗ ತಿಪ್ಪೇಸ್ವಾಮಿ ತಡೆಯಲಾರದೆ ತನ್ನ ಫೋನು ತೆರೆದ. ಕೆಂಪು ಪಟ್ಟಿ ಇರಲಿಲ್ಲ. ಚರ್ಚೆಯ ಪುಟದಲ್ಲಿ ಬೆಳ್ಳಿಚುಕ್ಕಿ ಬರೆದಿದ್ದರು: "ಪರಿಶೀಲಿಸಿದೆ. ಅಳಿಸುವ ಸೂಚನೆ ತೆಗೆದಿದ್ದೇನೆ. ಕಾಲೇಜಿನ ತಡೆ ತೆಗೆಯಲು ಕೋರಿದ್ದೇನೆ. ಒಳ್ಳೆಯ ಲೇಖನ."

ಆ ಕೊನೆಯ ಎರಡು ಪದಗಳನ್ನು ತಿಪ್ಪೇಸ್ವಾಮಿ ಇಡೀ ಬಸ್ಸಿಗೆ ಕೇಳುವಂತೆ ಓದಿದ. ಕಂಡಕ್ಟರು ಏನಪ್ಪ ಅದು ಎಂದು ವಿಚಾರಿಸಿದರು. ವಿಷಯ ತಿಳಿದು, "ನಮ್ ಹೊಲಕ್ಕೂ ಕುರಿ ಬರ್ತವೆ, ನಮ್ದೂ ಹಾಕಮ್ಮ" ಎಂದರು. ಭಾಗ್ಯ ಬಹಳ ವಿನಯದಿಂದ, "ಉಲ್ಲೇಖ ಬೇಕಾಗ್ತೈತೆ ಅಣ್ಣ" ಎಂದಳು. ನಾವೆಲ್ಲ ನಕ್ಕದ್ದಕ್ಕೆ ಅವರಿಗೆ ಕಾರಣ ತಿಳಿಯಲಿಲ್ಲ, ಆದರೂ ಜೊತೆಗೆ ನಕ್ಕರು.

ಇಷ್ಟಕ್ಕೇ ಮುಗಿದಿದ್ದರೆ ನಾನು ತೃಪ್ತಳಾಗಿರುತ್ತಿದ್ದೆ. ಆದರೆ ಆ ವಿಶ್ವಕೋಶದ ಮೊದಲ ಪುಟದಲ್ಲಿ 'ನಿಮಗಿದು ಗೊತ್ತೇ?' ಎಂಬ ಒಂದು ಮೂಲೆಯಿದೆ. ಕೆಲವು ದಿನಗಳ ನಂತರ ಆ ಮೂಲೆಯಲ್ಲಿ ಒಂದು ಸಾಲು ಬಂತು: ಕುರಿಗಾಹಿಗಳು ತಮ್ಮ ಮಂದೆಯ ಸಂಖ್ಯೆಯನ್ನು ಎಂದೂ ಹೇಳುವುದಿಲ್ಲ, ಕೇಳಿದರೆ 'ಕಣ್ತುಂಬ ಇವೆ' ಎನ್ನುತ್ತಾರೆ. ಕನ್ನಡ ಓದುವವರು ಎಲ್ಲೆಲ್ಲಿದ್ದಾರೋ ಅವರೆಲ್ಲರ ಮುಂದೆ ಅಂದು ಮಾಡದಕೆರೆಯ ಮಾತು ನಿಂತಿತ್ತು. ಕೋಟೆ ಆ ಪುಟದಲ್ಲಿ ಇರಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ ಫೋನು ತೋರಿಸಿದೆ. ಇತಿಹಾಸದ ಮೇಷ್ಟ್ರಿಗೆ ಎರಡು ಸಲ ತೋರಿಸಿದೆ, ಯಾಕೆಂದರೆ ಕೋಟೆಯ ಪಕ್ಷದವರು ಅವರೇ.

ಆ ದಿನ ಭಾಗ್ಯ ನನ್ನ ಬಳಿ ಬಂದು ಒಂದು ಅನುಮತಿ ಕೇಳಿದಳು. "ಲೇಖನದಾಗೆ ಊಟಕ್ಕೆ ಕರೀಬಾರ್ದು ಅಂದ್ರಿ. ಬೆಳ್ಳಿಚುಕ್ಕಿಯೋರಿಗೆ ಬ್ಯಾರೇನೇ ಬರೀಬೋದಲ್ವಾ?" ಬರೆಯಬಹುದು ಎಂದೆ. ನಾನು ಹೊಡೆದು ಹಾಕಿದ್ದ ಅದೇ ಸಾಲನ್ನು ಅವಳು ಬೆಳ್ಳಿಚುಕ್ಕಿಯ ಸ್ವಂತ ಪುಟದಲ್ಲಿ ಬರೆದಳು: ನಮ್ಮ ಕಡೆ ಬಂದರೆ ರೊಪ್ಪಕ್ಕೆ ಬನ್ನಿ, ಊಟ ಮಾಡಿಕೊಂಡು ಹೋಗಿ. ಉತ್ತರ ಬಂತು: "ಭಾನುವಾರ ಬರುತ್ತೇನೆ. ಹಿರಿಯೂರಿನಿಂದ ಬೆಳಗಿನ ಬಸ್ಸಿಗೆ."

ಹಿರಿಯೂರು, ನಮ್ಮ ಪಕ್ಕದ ತಾಲ್ಲೂಕು. ಬೆಂಗಳೂರಿನ ತಣ್ಣನೆಯ ಕೋಣೆ ನನ್ನ ತಲೆಯೊಳಗೆ ಕುಸಿದು ಬಿತ್ತು.

ಆ ಭಾನುವಾರ ಮಂದೆ ನಿಂತಿದ್ದದ್ದು ಬಾಗೂರಿನಲ್ಲಿ, ತಿಪ್ಪೇಸ್ವಾಮಿಯ ದೊಡ್ಡಪ್ಪನ ಹೊಲದಲ್ಲಿ. ನಾನು ಮಕ್ಕಳನ್ನು ಕಟ್ಟಿಕೊಂಡು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ದಪ್ಪ ಮೀಸೆಗಾಗಿ ಕಾದೆ. ಬಸ್ಸಿನಿಂದ ಇಳಿದು ನಮ್ಮ ಮುಂದೆ ಬಂದು ನಿಂತದ್ದು ನನ್ನ ವಯಸ್ಸಿನದೇ ಒಬ್ಬ ಗಿಡ್ಡ ಹೆಂಗಸು. ಕನ್ನಡಕ, ಹತ್ತಿ ಸೀರೆ, ಕೈಯಲ್ಲಿ ಬಾಳೆಹಣ್ಣಿನ ಚೀಲ.

"ನೀವು ಮೌಖಿಕ ಪರಂಪರೆ ಮೇಡಂ ಅಲ್ವಾ?" ಎಂದರು ನನ್ನನ್ನು ನೋಡಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಕೆ ಹಿರಿಯೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹುಟ್ಟೂರು ನಮ್ಮ ಜಿಲ್ಲೆಯದೇ ಯಲ್ಲದಕೆರೆ. 'ಎಷ್ಟು?' ಎಂದು ಕೇಳುವುದು ಆಕೆಗೆ ಯಾಕೆ ಅಷ್ಟು ಸಲೀಸು ಎಂಬುದು ಆಗ ಗೊತ್ತಾಯಿತು. ಬಾಗೂರಿನ ದಾರಿಯಲ್ಲಿ ಆಟೋದಲ್ಲಿ ಭಾಗ್ಯ ನೇರವಾಗಿ ಕೇಳಿದಳು: "ನಮ್ ಕಡೇರೇ ಆಗಿ ಯಾಕೆ ಮೇಡಂ ಅಷ್ಟು ಬಿಗಿ ಮಾಡಿದ್ರಿ?"

"ನಮ್ ಕಡೇದು ಅಂತಲೇ ಬಿಗಿ ಮಾಡ್ದೆ ಕಣಮ್ಮ. ನಾನು ಸುಮ್ನೆ ಬಿಟ್ಟಿದ್ರೆ ನಾಳೆ ಇನ್ಯಾರೋ ಬಂದು ಅಳಿಸ್ತಿದ್ರು. ಈಗ ಯಾರು ಬಂದ್ರೂ ಅಳ್ಳಾಡ್ಸಕ್ಕಾಗಲ್ಲ."

ಭಾಗ್ಯ ಆಕೆಯ ಮಡಿಲಿನಲ್ಲಿದ್ದ ಚೀಲವನ್ನು ತೆಗೆದು ತಾನು ಹಿಡಿದುಕೊಂಡಳು.

ಹೊಲದ ಬದುವಿನ ಹೊಂಗೆ ಮರಗಳ ಕೆಳಗೆ ಮಂದೆ ಮಧ್ಯಾಹ್ನದ ಬಿಸಿಲಿಗೆ ಒತ್ತೊತ್ತಾಗಿ ಮಲಗಿತ್ತು. ಕರಿಯಪ್ಪನವರು ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದರು. ಮುದ್ದೆ, ಹುರುಳಿ ಸಾರು ಸಿದ್ಧವಿತ್ತು. ತಿಪ್ಪೇಸ್ವಾಮಿ ಫೋನಿನಿಂದ ಇಡೀ ಲೇಖನವನ್ನು ಗಟ್ಟಿಯಾಗಿ ಓದಿದ. ಕರಿಯಪ್ಪನವರು ಮಧ್ಯೆ ಎಲ್ಲೂ ತಡೆಯದೆ, ತಲೆ ಬಗ್ಗಿಸಿಕೊಂಡು ಕೇಳಿದರು. ಮುಗಿದ ಮೇಲೆ ಮಗಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ತೆಗೆದರು. ಅಷ್ಟಕ್ಕೇ ಭಾಗ್ಯ ಮುಖ ಆ ಕಡೆ ತಿರುಗಿಸಿಕೊಂಡಳು.

ಬೆಳ್ಳಿಚುಕ್ಕಿ ಊಟಕ್ಕೆ ಕೂರುವ ಮುಂಚೆ ಮಂದೆಯ ಕಡೆ ನೋಡುತ್ತಾ ನಿಂತಿದ್ದರು. ಅಭ್ಯಾಸಬಲ, ನೋಡಿ. ಬಾಯಿ ಜಾರಿತು.

"ಎಷ್ಟವೆ ಯಜಮಾನ್ರೆ?"

ಮಕ್ಕಳೆಲ್ಲ ಒಮ್ಮೆಗೇ ತಲೆಯೆತ್ತಿದರು. ಆಕೆ ನಾಲಿಗೆ ಕಚ್ಚಿಕೊಂಡರು. ಕರಿಯಪ್ಪನವರು ಮುದ್ದೆ ಬಡಿಸುತ್ತಲೇ, ಒಂದಿಷ್ಟೂ ಬೇಸರವಿಲ್ಲದೆ, "ಕಣ್ತುಂಬ ಅವೆ ತಾಯಿ" ಎಂದರು.

ಗಣಿತದ ಟೀಚರು ಮತ್ತೆ ಮಂದೆಯ ಕಡೆ ತಿರುಗಿದರು. ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ತುಟಿ ಅಲುಗಾಡುತ್ತಿದೆಯೇ ಎಂದು ನಾನು ಗಮನಿಸುತ್ತಿದ್ದೆ. ಅಲುಗಾಡಲಿಲ್ಲ.

"ಹೌದು, ಕಣ್ತುಂಬ ಅವೆ" ಎಂದರು.

ಹಿಂದಿನಿಂದ ಭಾಗ್ಯ ಕೇಳಿದಳು: "ಉಲ್ಲೇಖ ಎಲ್ಲಿ ಮೇಡಂ?"

ಬೆಳ್ಳಿಚುಕ್ಕಿ ಕನ್ನಡಕ ತೆಗೆದು ತಮ್ಮ ಎರಡೂ ಕಣ್ಣುಗಳನ್ನು ತೋರಿಸಿದರು.